ರಂಗೋಲಿ ಎಣಿಸಿ ಬರೆದ ವರದಿ

ಸರ್ಕಾರದ ಅಂಕಿಅಂಶ ಕಚೇರಿಯಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಭದ್ರಾವತಿಯ ಜನ್ನಾಪುರದ ಒಂದು ಹಿತ್ತಲ ಮನೆಯಲ್ಲಿ ಬಾಡಿಗೆಗಿದ್ದೆ. ಮನೆ ಅಂದರೆ ಮುಂದಿನ ದೊಡ್ಡ ಮನೆಯ ಹಿಂಗೋಡೆಗೆ ಆತುಕೊಂಡ ಎರಡು ಕೋಣೆ, ಮೇಲೆ ಸಿಮೆಂಟ್ ಶೀಟು, ಪಕ್ಕದಲ್ಲಿ ಬಟ್ಟೆ ಒಗೆಯುವ ಕಲ್ಲು. ಮದುವೆಯಾಗದ ಹೆಣ್ಣು ಒಬ್ಬಳೇ ಮನೆ ಕೇಳಿಕೊಂಡು ಬಂದರೆ ಆಗ ಜನ ಹತ್ತು ಪ್ರಶ್ನೆ ಕೇಳುತ್ತಿದ್ದರು. ಈ ಮನೆಯೊಡತಿ ಕೇಳಿದ್ದು ಒಂದೇ. “ನೀರು ಬೆಳಿಗ್ಗೆ ಐದಕ್ಕೆ ಬರುತ್ತೆ, ಎದ್ದೇಳ್ತೀಯಾ?” ಏಳುತ್ತೇನೆ ಅಂದೆ. ಬೀಗದ ಕೈ ಕೊಟ್ಟಳು. ಅವತ್ತಿನಿಂದ ಅವಳು ನನಗೆ ಅಕ್ಕ.

ಅಕ್ಕನ ಮನೆಮಾತು ತಮಿಳು. ಅವಳ ಗಂಡ ಕಬ್ಬಿಣದ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು, ಅವರನ್ನು ನಾನು ಭಾವ ಅನ್ನುತ್ತಿದ್ದೆ. ಕಾರ್ಖಾನೆಯ ಕ್ವಾರ್ಟರ್ಸು ಎಲ್ಲರಿಗೂ ಸಿಗುತ್ತಿರಲಿಲ್ಲವಾದ್ದರಿಂದ ಜನ್ನಾಪುರದಲ್ಲಿ ಸ್ವಂತ ಮನೆ ಕಟ್ಟಿಕೊಂಡವರು ಹಿತ್ತಲಲ್ಲಿ ಎರಡು ಕೋಣೆ ಎತ್ತಿ ಬಾಡಿಗೆಗೆ ಬಿಡುವುದು ವಾಡಿಕೆಯಾಗಿತ್ತು. ಯಾವ ಯೋಜನೆಯೂ ಇಲ್ಲದೆ, ಯಾರ ಭಾಷಣವೂ ಇಲ್ಲದೆ ಆ ಊರಿನ ಎಷ್ಟೋ ಜನಕ್ಕೆ ಸೂರು ಸಿಕ್ಕಿದ್ದು ಹೀಗೆ. ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿದ್ದ ನನ್ನ ಪುಸ್ತಕಗಳಲ್ಲಿ ಇದಕ್ಕೆ ವಸತಿ ಪೂರೈಕೆ ಎಂಬ ಹೆಸರಿತ್ತು. ಅಕ್ಕ ‘ಹಿಂದ್ಗಡೆ ರೂಮು’ ಅನ್ನುತ್ತಿದ್ದಳು.

ಸೇರಿ ಕೆಲವು ತಿಂಗಳಾಗಿತ್ತು. ಒಂದು ಭಾನುವಾರ ಗಣತಿಯವನೊಬ್ಬ ಕಂಕುಳಲ್ಲಿ ಫಾರಂ ಕಟ್ಟು ಇಟ್ಟುಕೊಂಡು ಗೇಟಿನ ಬಳಿ ನಿಂತ. ಹಿಂದುಗಡೆ ಯಾರಿದ್ದಾರೆ, ಬಾಡಿಗೆಯವರಾ ಎಂದು ಕೇಳಿದ.

“ಬಾಡಿಗೆನಾ?” ಅಕ್ಕ ದಿಗಿಲಾದವಳಂತೆ ಎದೆಯ ಮೇಲೆ ಕೈ ಇಟ್ಟುಕೊಂಡಳು. “ನಮ್ಮ ತಂಗಿ ಸಾರ್ ಅದು. ಚಿಕ್ಕಮ್ಮನ ಮಗಳು.”

ನಾನು ಕೈಯಲ್ಲಿ ಸೌಟು ಹಿಡಿದುಕೊಂಡೇ ಬಂದು ನಿಂತಿದ್ದೆ. ಆತ ನನ್ನ ಮುಖ ನೋಡಿದ, ಅಕ್ಕನ ಮುಖ ನೋಡಿದ. ಅಕ್ಕ ಎತ್ತರದ ಕಪ್ಪು ಹೆಂಗಸು, ನಾನು ಗಿಡ್ಡಿ. ನನಗೆ ಒಂದಕ್ಷರ ತಮಿಳು ಬಾರದು. “ಮತ್ತೆ ಒಲೆ ಯಾಕೆ ಬೇರೆ?” ಅಂದ.

“ಅವಳು ಮೀನು ತಿನ್ನಲ್ಲ ಸಾರ್. ಚಿಕ್ಕೋಳಿದ್ದಾಗಿಂದ್ಲೂ ಹಂಗೇ. ಮಡಿ.”

ಆತ ಬರೆದುಕೊಂಡು ಹೋದ. ತಮಾಷೆಯೆಂದರೆ ಆ ಗಣತಿ ನಮ್ಮ ಕಚೇರಿಯದೇ. ವಾರದೊಳಗೆ ಅದೇ ಫಾರಂ ನನ್ನ ಮೇಜಿಗೆ ಬಂತು. ‘ಸಂಬಂಧಿ’ ಎಂಬ ಕಾಲಮ್ಮಿನಲ್ಲಿ ನನ್ನನ್ನು ನಾನೇ ಸೇರಿಸಿ ಮೊತ್ತ ಹಾಕಿದೆ. ನಗು ತಡೆಯಲಾಗಲಿಲ್ಲ. ಜನ್ನಾಪುರದಲ್ಲಿ ತೆರಿಗೆಯವರೋ ಗಣತಿಯವರೋ ಬಂದರೆ ಬಾಡಿಗೆಯವರೆಲ್ಲ ಒಂದು ಗಳಿಗೆ ನೆಂಟರಾಗಿಬಿಡುತ್ತಿದ್ದರು. ಅಲ್ಲಿ ತಂಗಿ, ಸೊಸೆ, ಮೈದುನ, ಭಾವಮೈದ ಇವರೆಲ್ಲ ಎಷ್ಟು ಜನವಿದ್ದರೆಂದರೆ ಅಷ್ಟು ದೊಡ್ಡ ಕುಟುಂಬಗಳು ಪುರಾಣದಲ್ಲೂ ಇರಲಾರವು.

ಅವತ್ತು ಆತ ಹೋದಮೇಲೆ ಅಕ್ಕ ನನ್ನನ್ನು ಬೈದಳು. “ಏ ಮಾರಾಯ್ತಿ, ಅವನ ಎದುರಿಗೆ ‘ನೀವು ಕೂತ್ಕೊಳ್ಳಿ ಅಕ್ಕ’ ಅಂದ್ಯಲ್ಲ. ಸ್ವಂತ ಅಕ್ಕಂಗೆ ಯಾರಾದ್ರೂ ನೀವು ಗೀವು ಅಂತಾರಾ? ಇನ್ಮೇಲೆ ನೀನು ಅನ್ನು.” ನಾಲಿಗೆ ಹೊರಳಲು ಎರಡು ದಿನ ಬೇಕಾಯಿತು. ಆಮೇಲೆ ನೀವು ಅನ್ನುವುದೇ ಮರೆತುಹೋಯಿತು. ನನಗೆ ಟೈಫಾಯಿಡ್ ಬಂದಾಗ ಗಂಜಿ ಮಾಡಿ ಕುಡಿಸಿದವಳು ಅವಳು. ನನ್ನ ಮದುವೆಯಲ್ಲಿ ಹೆಣ್ಣಿನ ಕಡೆಯ ಅಕ್ಕನಾಗಿ ನಿಂತು, ಸಂಸ್ಕೃತ ಮೇಷ್ಟ್ರಾಗಿದ್ದ ನಮ್ಮ ಅಪ್ಪನಿಂದ ಸೀರೆ ಉಡುಗೊರೆ ಪಡೆದವಳೂ ಅವಳೇ.

ರಂಗೋಲಿ ಕಲಿಸಿದ್ದೂ ಅಕ್ಕನೇ. ಅವಳ ಮಾತಿನಲ್ಲಿ ಅದು ಕೋಲ. ನಾನು ಸೇರಿದ ಎರಡನೇ ದಿನವೇ ಹಿಟ್ಟಿನ ಡಬ್ಬಿ ತಂದು ಕೈಗಿಟ್ಟು, “ಒಲೆ ಬೇರೆ ಆದ್ಮೇಲೆ ಹೊಸಿಲೂ ಬೇರೆ. ನಿನ್ನ ಹೊಸಿಲಿಗೆ ನೀನೇ ಹಾಕ್ಬೇಕು. ನಾನು ಹಾಕಿದ್ರೆ ಅದರ ಪುಣ್ಯ ನಿಂಗೆ ಬರಲ್ಲ” ಅಂದಳು. ಹಾಗಾಗಿ ಹಿತ್ತಲ ಮನೆಯವರು ತಮ್ಮ ಬಾಗಿಲಿಗೆ ಒಂದು, ಬೀದಿಯಲ್ಲಿ ಗೇಟಿನ ಪಕ್ಕ ಹಿತ್ತಲಿಗೆ ಹೋಗುವ ಸಂದಿಯ ಬಾಯಿಗೆ ಪುಟ್ಟದೊಂದು ರಂಗೋಲಿ ಇಡುವುದು ರೂಢಿ. ಮಹಡಿ ಮೇಲಿನವರು ಮೆಟ್ಟಿಲ ಬುಡಕ್ಕೆ ಇಡುತ್ತಿದ್ದರು. ಯಾರ ಮನೆಯಲ್ಲಿ ಎಷ್ಟು ಒಲೆ ಉರಿಯುತ್ತದೆ ಎಂದು ತಿಳಿಯಲು ಬಾಗಿಲು ತಟ್ಟಬೇಕಾಗಿರಲಿಲ್ಲ. ಬೆಳಿಗ್ಗೆ ಆರಕ್ಕೆ ಬೀದಿಯಲ್ಲಿ ಒಮ್ಮೆ ನಡೆದು ಹೋದರೆ ಸಾಕಿತ್ತು.

ಬಹಳ ವರ್ಷಗಳಾದಮೇಲೆ, ಈಗ್ಗೆ ಕೆಲವು ವರ್ಷದ ಹಿಂದೆ, ಈ ತಿಳಿವಳಿಕೆ ನನ್ನ ಕೆಲಸಕ್ಕೆ ಬಂತು. ಬರಬಾರದಿತ್ತು.

ಆಗ ನಾನು ಶಿವಮೊಗ್ಗದಲ್ಲಿದ್ದೆ. ಸ್ವಂತ ಮನೆಯಾಗಿತ್ತು, ಕಚೇರಿಯಲ್ಲಿ ನನ್ನ ಹೆಸರಿನ ಬೋರ್ಡು ಇರುವ ಕೋಣೆಯಾಗಿತ್ತು. ಬೆಂಗಳೂರಿನಿಂದ ಒಂದು ಅಧ್ಯಯನ ಮಾಡಲು ಹೇಳಿ ಕಡತ ಬಂತು. ಸಣ್ಣ ಕೈಗಾರಿಕಾ ಊರುಗಳಲ್ಲಿ ಬಾಡಿಗೆ ಮನೆ ಯಾಕೆ ಸಾಲುತ್ತಿಲ್ಲ, ಆಸ್ತಿ ತೆರಿಗೆಗೂ ಅದಕ್ಕೂ ಏನು ಸಂಬಂಧ ಎಂದು ನೋಡಬೇಕಿತ್ತು. ಆಸ್ತಿ ತೆರಿಗೆಯನ್ನು ಮನೆಯವರು ತಾವೇ ಘೋಷಿಸಿಕೊಂಡು ಕಟ್ಟುತ್ತಾರೆ. ಸ್ವಂತ ವಾಸ ಅಂದರೆ ಕಡಿಮೆ, ಬಾಡಿಗೆಗೆ ಬಿಟ್ಟಿದ್ದೇವೆ ಅಂದರೆ ಜಾಸ್ತಿ. ಹೀಗಿರುವಾಗ ಯಾರು ಬಾಡಿಗೆ ಎಂದು ಬರೆಯುತ್ತಾರೆ? ಎಲ್ಲರದೂ ಸ್ವಂತ ವಾಸವೇ. ಸರ್ಕಾರ ಕೇಳಿದ್ದು ಎರಡು ಪ್ರಶ್ನೆ. ಮುಚ್ಚಿಟ್ಟ ಬಾಡಿಗೆ ಮನೆಗಳು ಎಷ್ಟಿವೆ? ಅವಕ್ಕೆ ಸರಿಯಾಗಿ ತೆರಿಗೆ ಹಾಕಿದರೆ ಮಾಲೀಕರು ಬಾಡಿಗೆಗೆ ಕೊಡುವುದನ್ನೇ ನಿಲ್ಲಿಸಿಬಿಡುತ್ತಾರೆಯೇ?

ನಮ್ಮ ಸಾಹೇಬರು ಒಳ್ಳೆಯವರು, ಆದರೆ ಜೀಪಿನ ಕಿಟಕಿಯಿಂದ ಊರು ನೋಡಿದವರು. ಭದ್ರಾವತಿಯ ಕಾಗದದ ಗಿರಣಿಯ ಬಡಾವಣೆಯಾದ ಕಾಗದನಗರದ ಖಾಲಿ ಕ್ವಾರ್ಟರ್ಸುಗಳ ಮುಂದೆ ಹೋಗುವಾಗ, “ಇಷ್ಟೊಂದು ಮನೆ ಖಾಲಿ ಬಿದ್ದಿವೆ, ಜನ ಮನೆ ಇಲ್ಲ ಅಂತಾರಲ್ಲ ಮೇಡಂ” ಅಂದರು. ಅವು ಬಾಡಿಗೆಗಿಲ್ಲ ಸಾರ್, ಗಿರಣಿಯವರಿಗೆಂದು ಕಟ್ಟಿದ್ದು, ಬಾಡಿಗೆ ಮನೆ ಇರುವುದು ಜನರ ಹಿತ್ತಲಲ್ಲಿ ಎಂದು ನಾನೇ ವಿವರಿಸಿದೆ. ಹಿತ್ತಲನ್ನು ಎಣಿಸುವುದು ಹೇಗೆ ಎಂದು ಅವರು ಕೇಳಿದಾಗ ನನ್ನ ಮುಖ ಅರಳಿರಬೇಕು. “ನನಗೆ ಗೊತ್ತು ಸಾರ್” ಅಂದೆ. ಆ ಮಾತನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಒಂದು ವಾರ ಮುಂಜಾನೆಯ ಮೊದಲ ಬಸ್ಸು ಹಿಡಿದು ಜನ್ನಾಪುರಕ್ಕೆ ಹೋದೆ. ಬೀದಿ ಬೀದಿ ನಡೆದು ಗೇಟಿಗೆಷ್ಟು ರಂಗೋಲಿ ಎಂದು ಪುಸ್ತಕದಲ್ಲಿ ಗುರುತು ಮಾಡಿಕೊಂಡೆ. ರಂಗೋಲಿ ಇಡದ ಮುಸ್ಲಿಮರ, ಕ್ರೈಸ್ತರ ಮನೆಗಳನ್ನು ಬಿಟ್ಟೆ, ಬಿಟ್ಟಿದ್ದೇನೆಂದು ಟಿಪ್ಪಣಿಯನ್ನೂ ಹಾಕಿದೆ. ಅಷ್ಟು ಶಿಸ್ತಿನವಳು ನಾನು. ಎಣಿಕೆ ಮುಗಿಸಿ ದಿನವೂ ಅಕ್ಕನ ಮನೆಗೆ ಹೋಗಿ ಕಾಫಿ ಕುಡಿಯುತ್ತಿದ್ದೆ.

“ಏನೇ ಇದು, ಕೋಳಿ ಕೂಗೋಕ್ಮುಂಚೆ ಜನ್ನಾಪುರದಲ್ಲಿ ಇರ್ತೀಯಾ? ಗಂಡ ಮನೆಯಿಂದ ಓಡಿಸಿಬಿಟ್ನಾ?”

“ಸರ್ವೆ ಅಕ್ಕ. ಆಫೀಸಿನ ಕೆಲಸ.”

“ಏನು ಸರ್ವೆನೋ, ಹೊಟ್ಟೆಗೆ ಹಾಕ್ಕೊಂಡು ಮಾಡು” ಎಂದು ಇಡ್ಲಿ ತಟ್ಟೆ ಮುಂದಿಟ್ಟಳು. ನಾನಿದ್ದ ಹಿತ್ತಲ ಮನೆಯಲ್ಲಿ ಆಗ ಮೂರು ಜನರ ಸಂಸಾರವಿತ್ತು. ಗಂಡ ಮಾಚೇನಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಲೇತ್ ಮೇಲೆ, ಹೆಂಡತಿ ಅಲ್ಲೇ ಇನ್ನೊಂದು ಸಣ್ಣ ಫ್ಯಾಕ್ಟರಿಯಲ್ಲಿ ಪ್ಯಾಕಿಂಗಿಗೆ. ಮಗಳು ಎರಡನೇ ಪಿಯುಸಿ. ಅಕ್ಕನ ಮನೆಯ ವರಾಂಡದಲ್ಲಿ ಕೂತು ಓದುತ್ತಿದ್ದಳು. ಹಿಂದುಗಡೆ ಫ್ಯಾನು ಇರಲಿಲ್ಲ. ಅಕ್ಕ ಆ ಹೆಂಗಸನ್ನು ನನಗೆ ಪರಿಚಯಿಸಿದ್ದು, “ಇವಳು ನಮ್ಮ ಯಜಮಾನ್ರ ಅಕ್ಕನ ಮಗಳು” ಎಂದು. ಆಮೇಲೆ ಕಣ್ಣು ಹೊಡೆದು, “ನೀನು ನಮ್ಮ ತಂಗಿ ಅಲ್ವಾ, ಅದೇ ಥರ” ಅಂದಳು. ಮೂವರೂ ನಕ್ಕೆವು. ಕೈಯಲ್ಲಿದ್ದ ಪುಸ್ತಕದಲ್ಲಿ ಆ ಮನೆಯ ಮುಂದೆ ನಾನು ಆಗಲೇ ಎರಡು ಎಂದು ಬರೆದಾಗಿತ್ತು.

ಉಂಡ ಮನೆಯ ಜಂತೆ ಎಣಿಸಬಾರದು ಅಂತಾರೆ. ನಾನು ಜಂತೆಯ ಕಡೆ ತಲೆಯೆತ್ತಲಿಲ್ಲ, ಹೊಸಿಲಿನ ರಂಗೋಲಿ ಎಣಿಸಿಕೊಂಡು ಬಂದೆ.

ಅಕ್ಕನ ಮನೆಯನ್ನು ಬಿಟ್ಟುಬಿಡಬೇಕೆಂದು ನನಗೆ ಅನ್ನಿಸಲಿಲ್ಲವೆಂದಲ್ಲ. ಒಂದು ಸಂಜೆಯೆಲ್ಲ ಆ ಸಾಲಿನ ಮೇಲೆ ಪೆನ್ನು ಆಡಿಸುತ್ತ ಕೂತಿದ್ದೆ. ನನಗೆ ಬೇಕಾದವರ ಮನೆಯೊಂದನ್ನು ತೆಗೆದು ಬೇರೆಯವರದನ್ನೆಲ್ಲ ಉಳಿಸಿದರೆ ಅದೆಂಥ ಪ್ರಾಮಾಣಿಕತೆ ಎಂದು ಉಳಿಸಿದೆ. ಸುಳ್ಳು ಬರೆಯಬೇಕಿತ್ತು ಎಂದು ನಾನು ಇವತ್ತಿಗೂ ಹೇಳಲಾರೆ. ತಪ್ಪಿದ್ದದ್ದು ಬೇರೆ ಕಡೆ. ವರದಿಗೆ ಬೇಕಿದ್ದದ್ದು ಒಟ್ಟು ಎಣಿಕೆ ಮಾತ್ರ. ಸಾಹೇಬರು ಕೇಳಿದ್ದರು, “ಮನೆ ಮನೆಯ ಪಟ್ಟಿ ಅನುಬಂಧದಲ್ಲಿ ಬೇಕಾ ಮೇಡಂ? ಸುಮ್ನೆ ದಪ್ಪ ಆಗುತ್ತೆ.” ಇರಲಿ ಸಾರ್, ಕೆಲಸ ಎಷ್ಟು ಕೂಲಂಕಷವಾಗಿ ಮಾಡಿದ್ದೇವೆ ಅಂತ ಗೊತ್ತಾಗಲಿ ಅಂದೆ. ಯಾರ ಹೆಸರನ್ನೂ ಹಾಕಿರಲಿಲ್ಲ. ಬೀದಿ, ಬಾಗಿಲ ಸಂಖ್ಯೆ, ಎಷ್ಟು ರಂಗೋಲಿ, ಅಷ್ಟೇ. ಅಷ್ಟು ಸಾಕಿತ್ತು.

ಎರಡನೇ ಪ್ರಶ್ನೆಗೆ ಉತ್ತರವನ್ನು ಪುಸ್ತಕದಿಂದ ಬರೆದೆ. ಕಟ್ಟಿದ ಮನೆ ಎದ್ದು ಓಡಿಹೋಗುವುದಿಲ್ಲ. ತೆರಿಗೆ ಸ್ವಲ್ಪ ಏರಿತೆಂದು ಯಾವ ಮಾಲೀಕನೂ ಬರುವ ಬಾಡಿಗೆಯನ್ನು ಬಿಟ್ಟು ಕೋಣೆಗೆ ಬೀಗ ಹಾಕಿ ಕೂರುವುದಿಲ್ಲ. ಆದ್ದರಿಂದ ‘ಬಾಡಿಗೆ ಮನೆಗಳ ಪೂರೈಕೆಯ ಮೇಲೆ ಗಮನಾರ್ಹ ಪರಿಣಾಮ ಇರದು’. ಕಾಗದದ ಮೇಲೆ ಈ ಲೆಕ್ಕ ಒಂದು ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಬೆಂಗಳೂರಿನ ಸಭೆಯಲ್ಲಿ ರಂಗೋಲಿಯ ಪ್ಯಾರಾ ಓದಿದಾಗ ದೊಡ್ಡ ಅಧಿಕಾರಿಯೊಬ್ಬರು ಮೇಜು ತಟ್ಟಿ ನಕ್ಕರು. “ಜನ ಚಾಪೆ ಕೆಳಗೆ ತೂರಿದ್ರೆ ಮೇಡಂ ರಂಗೋಲಿ ಕೆಳಗೇ ತೂರಿಬಿಟ್ಟಿದ್ದಾರೆ!” ಸಭೆಯೆಲ್ಲ ಚಪ್ಪಾಳೆ ತಟ್ಟಿತು. ವಾಪಸು ಬರುವ ರೈಲಿನಲ್ಲಿ ನಾನು ಒಬ್ಬಳೇ ನಗುತ್ತ ಕೂತಿದ್ದೆ.

ಮುಂದೆ ಏನಾಯಿತೆಂಬುದು ನನಗೆ ತಿಳಿದದ್ದು ತಡವಾಗಿ. ಸಂಕ್ರಾಂತಿಗೆ ಎಳ್ಳು ಬೀರಲು ಅಕ್ಕನ ಮನೆಗೆ ಹೋದೆ. ವರಾಂಡದಲ್ಲಿ ಓದುತ್ತಿದ್ದ ಹುಡುಗಿ ಕಾಣಲಿಲ್ಲ. ಸಂದಿಯ ಬಾಯಲ್ಲಿ ರಂಗೋಲಿ ಇರಲಿಲ್ಲ. ಹಿಂದೆ ಹೋಗಿ ನೋಡಿದರೆ ಬಾಗಿಲಿಗೆ ಬೀಗ, ಒಗೆಯುವ ಕಲ್ಲು ಒಣಗಿತ್ತು.

“ಎಲ್ಲಿ ಅಕ್ಕ ಅವರು?”

“ಹೋದ್ರು.” ಅಕ್ಕ ಎಳ್ಳಿನ ಪೊಟ್ಟಣ ತೆಗೆದುಕೊಂಡು ಪಕ್ಕಕ್ಕಿಟ್ಟಳು, ಬಿಚ್ಚಲಿಲ್ಲ. “ತೆರಿಗೆಯೋರು ಬಂದಿದ್ರು. ಬೆಳಿಗ್ಗೆ ಆರು ಗಂಟೆಗೆ, ಕೈಲೊಂದು ಪಟ್ಟಿ ಹಿಡ್ಕೊಂಡು. ಯಾವಾಗ್ಲೂ ಹೇಳೋ ಹಂಗೆ ಹೇಳ್ದೆ, ನಮ್ಮ ಯಜಮಾನ್ರ ಅಕ್ಕನ ಮಗಳು ಅಂತ. ಆ ಮನುಷ್ಯ ಕೆಳಗೆ ಕೋಲ ತೋರಿಸ್ದ. ನೆಂಟರಾದ್ರೆ ಎರಡ್ಯಾಕಮ್ಮ ಅಂದ.”

ತೆರಿಗೆ ಜಾಸ್ತಿಯಾಯಿತಾ ಎಂದು ಕೇಳಿದೆ. ಆ ಹೊತ್ತಿನಲ್ಲೂ ನನಗೆ ಹೊಳೆದದ್ದು ಅದೇ ಪ್ರಶ್ನೆ.

“ತೆರಿಗೆ ಬಿಡು ಮಾರಾಯ್ತಿ, ಕಟ್ಟಿದ್ವಿ. ಅದಕ್ಕಲ್ಲ. ಬಾಡಿಗೆಯೋರು ಅಂತ ಅವರ ಹೆಸರು ಬರ್ಕೊಂಡು ಹೋದ್ರಲ್ಲ, ನಿಮ್ಮ ಭಾವಂಗೆ ಅದೇ ಹೆದರಿಕೆ. ಸರ್ಕಾರದ ಕಾಗದದಲ್ಲಿ ಹೆಸರು ಬಿದ್ಮೇಲೆ ನಾಳೆ ಮನೆ ನಮ್ದೇ ಅಂತ ಕೂತ್ರೆ ಏನ್ ಮಾಡೋದು ಅಂತಾರೆ. ಹಾಗೆಲ್ಲ ಆಗಲ್ಲ, ಅವರು ಅಂಥೋರಲ್ಲ ಅಂದೆ. ಕೇಳಲಿಲ್ಲ. ನಿದ್ದೆ ಬಿಟ್ರು. ಹುಡುಗಿ ಪರೀಕ್ಷೆ ಮುಗಿಯೋವರೆಗಾದ್ರೂ ಇರಲಿ ಅಂದೆ, ಅದಕ್ಕೂ ಒಪ್ಪಲಿಲ್ಲ.”

ಬಾಡಿಗೆಯವರು ಮನೆ ನುಂಗುತ್ತಾರೆ ಎಂಬ ಹೆದರಿಕೆ ಭದ್ರಾವತಿಯಲ್ಲಿ ಹೊಸದಲ್ಲ. ನೆಂಟರು ಅನ್ನುವ ಆ ಹಳೆಯ ಸುಳ್ಳು ತೆರಿಗೆ ತಪ್ಪಿಸುವುದಕ್ಕಿಂತ ಹೆಚ್ಚಾಗಿ ಆ ಹೆದರಿಕೆಯನ್ನು ತಡೆದು ನಿಲ್ಲಿಸಿತ್ತು. ಕಾಗದದಲ್ಲಿ ಇಲ್ಲದವರನ್ನು ಜನ ಧೈರ್ಯವಾಗಿ ಮನೆಯಲ್ಲಿಟ್ಟುಕೊಳ್ಳುತ್ತಿದ್ದರು. ಆ ಮನೆಯಲ್ಲಿ ವರ್ಷಗಟ್ಟಲೆ ಉಂಡ ನನಗೆ ಇದು ತಿಳಿದಿರಬೇಕಿತ್ತು. ತಿಳಿದಿತ್ತು ಕೂಡ. ವರದಿ ಬರೆಯುವಾಗ ಅದು ತಿಳಿವಳಿಕೆ ಎಂದು ನನಗೆ ಅನ್ನಿಸಿರಲಿಲ್ಲ, ಅಷ್ಟೇ.

ಆ ಸಂಸಾರ ಊರಾಚೆ ಎಲ್ಲೋ ಮನೆ ಹಿಡಿದಿತ್ತು. ಹುಡುಗಿ ಕಾಲೇಜಿಗೆ ಎರಡು ಬಸ್ಸು ಬದಲಿಸಬೇಕು, ಓದಲು ವರಾಂಡವಿಲ್ಲ. ಪರೀಕ್ಷೆಗೆ ಕೂರುತ್ತಾಳೋ ಇಲ್ಲವೋ ಎಂದು ಅಕ್ಕ ಹೇಳುತ್ತ ಹೇಳುತ್ತ ಸೆರಗಿನಿಂದ ಕಣ್ಣೊತ್ತಿಕೊಂಡಳು. ಆಮೇಲೆ ನನ್ನ ಮುಖವನ್ನೇ ನೋಡುತ್ತ ನಿಧಾನವಾಗಿ ಅಂದಳು: “ರಂಗೋಲಿ ಎಣಿಸೋ ಬುದ್ಧಿ ಗಂಡಸ್ರಿಗೆ ಬರಲ್ಲ. ಅಲ್ವಾ?”

ಹೌದು ಅಕ್ಕ, ನಾನೇ ಬರೆದದ್ದು ಎಂದು ಅಲ್ಲೇ ಹೇಳಿ ಅವಳ ಕೈ ಹಿಡಿದುಕೊಂಡಿದ್ದರೆ ಬೈಯುತ್ತಿದ್ದಳು, ಎರಡು ತಿಂಗಳು ಮಾತು ಬಿಡುತ್ತಿದ್ದಳು, ಆಮೇಲೆ ಯಾವುದಾದರೂ ಹಬ್ಬಕ್ಕೆ ಫೋನ್ ಮಾಡುತ್ತಿದ್ದಳು. ಅವಳ ಸ್ವಭಾವ ಅದು. ನಾನು ಮಾತ್ರ ಕೈಗಡಿಯಾರ ನೋಡಿಕೊಂಡು, ಬಸ್ಸಿಗೆ ಹೊತ್ತಾಯಿತು ಎಂದು ಎದ್ದೆ.

ಮುಂದಿನ ತಿಂಗಳು ಮತ್ತೆ ಮುಂಜಾನೆ ಹೋಗಿ ಅದೇ ಬೀದಿಗಳಲ್ಲಿ ನಡೆದೆ. ಯಾರೂ ಹೇಳಿರಲಿಲ್ಲ, ನಾನಾಗಿಯೇ ಹೋದೆ. ಗೇಟಿಗೊಂದೇ ರಂಗೋಲಿ. ಹಿತ್ತಲ ಕೋಣೆಗಳು ಎಷ್ಟೋ ಕಡೆ ಖಾಲಿ ಸಿಲಿಂಡರು, ಹಳೆ ಮಂಚ ಇಡುವ ಜಾಗವಾಗಿದ್ದವು. ಬಾಡಿಗೆಯವರನ್ನು ಇನ್ನೂ ಉಳಿಸಿಕೊಂಡವರು, ಹೊರಗೆ ರಂಗೋಲಿ ಹಾಕಕೂಡದು ಎಂದು ಕರಾರು ಮಾಡಿದ್ದರು. ಒಂದು ಸಂದಿಯೊಳಗೆ ಇಣುಕಿದೆ. ಒಬ್ಬ ಹೆಂಗಸು ಬಾಗಿಲನ್ನು ಅರ್ಧ ಮುಚ್ಚಿಕೊಂಡು, ಹೊಸಿಲಿನ ಒಳಗೆ, ಕೆಂಪು ನೆಲದ ಮೇಲೆ ಅಂಗೈ ಅಗಲದ ರಂಗೋಲಿ ಇಡುತ್ತಿದ್ದಳು. ನನ್ನನ್ನು ಕಂಡವಳೇ ಅದನ್ನು ಅಂಗೈಯಿಂದ ಒರೆಸಿಬಿಟ್ಟಳು.

ಕಚೇರಿಗೆ ಬಂದು ಟಿಪ್ಪಣಿ ಬರೆದೆ. ನಮ್ಮ ಅಂದಾಜು ತಪ್ಪಾಗಿದೆ, ಬಾಡಿಗೆ ಮನೆಗಳು ಕಡಿಮೆಯಾಗಿವೆ, ಮಾಲೀಕರು ತಾವೇ ವಾಸವಿರುವ ಮನೆಯ ಹಿತ್ತಲಲ್ಲಿ ಒಂದೆರಡು ಕೋಣೆ ಬಾಡಿಗೆಗೆ ಕೊಟ್ಟರೆ ಅದನ್ನೂ ಸ್ವಂತ ವಾಸವೆಂದೇ ಪರಿಗಣಿಸಿ ಯಾರ ಹೆಸರನ್ನೂ ಕೇಳಬಾರದು ಎಂದು ಬರೆದೆ. ಈ ಟಿಪ್ಪಣಿಯನ್ನು ಯಾವ ಸಭೆಯಲ್ಲೂ ಓದಲಿಲ್ಲ. ‘ನೋಡಲಾಗಿದೆ’ ಎಂಬ ಷರಾದೊಂದಿಗೆ ಕಡತ ಹಿಂದಿರುಗಿತು. ಅದು ಈಗಲೂ ನನ್ನ ಕಪಾಟಿನಲ್ಲಿದೆ.

ಅಕ್ಕನ ಮನೆಗೆ ಹೋಗುವುದನ್ನು ನಾನು ಬಿಡಲಿಲ್ಲ. ಅವಳೂ ಬರಬೇಡ ಅನ್ನಲಿಲ್ಲ. ಕಾಫಿ ಕೊಡುತ್ತಿದ್ದಳು, ಆರೋಗ್ಯ ವಿಚಾರಿಸುತ್ತಿದ್ದಳು. ಬೈಯುವುದನ್ನು ಮಾತ್ರ ನಿಲ್ಲಿಸಿದ್ದಳು. ಹೋದ ವರ್ಷ ಒಂದು ದಿನ ಧೈರ್ಯ ಮಾಡಿ ಎಲ್ಲ ಹೇಳಿಬಿಡೋಣವೆಂದೇ ಹೊರಟೆ. ಬಸ್ಸು ಮಾಚೇನಹಳ್ಳಿ ದಾಟುವವರೆಗೂ ಮಾತುಗಳನ್ನು ಮನಸ್ಸಿನಲ್ಲಿ ಜೋಡಿಸಿಕೊಂಡೆ. ವರಾಂಡದಲ್ಲಿ ಕೂತು, “ಅಕ್ಕ, ನಿನ್ನ ಹತ್ರ ಒಂದು ವಿಷಯ ಹೇಳ್ಬೇಕು” ಎಂದು ಶುರುಮಾಡಿದ್ದೆ. ಅಷ್ಟರಲ್ಲಿ ಗೇಟು ಸದ್ದಾಯಿತು. ಯಾವುದೋ ಹೊಸ ಸಮೀಕ್ಷೆಗೆ ಬಂದ ಹೆಂಗಸು, ಕುತ್ತಿಗೆಯಲ್ಲಿ ಗುರುತಿನ ಚೀಟಿ, ಕೈಯಲ್ಲಿ ಫಾರಂ ಬದಲು ಮೊಬೈಲು. ಮನೆಯಲ್ಲಿ ಎಷ್ಟು ಜನ ಎಂದು ಕೇಳಿದಳು. ನಾನು, ನಮ್ಮ ಯಜಮಾನ್ರು, ಇಬ್ಬರೇ ಎಂದಳು ಅಕ್ಕ. ಹಿಂದುಗಡೆ? ಖಾಲಿ.

ಆಕೆ ನನ್ನ ಕಡೆ ತಿರುಗಿದಳು. “ಇವರು? ನಿಮ್ಮ ತಂಗಿನಾ?”

ತಾನಾಗಿಯೇ ನನ್ನ ಬಾಯಲ್ಲಿ ಹೌದು ಎಂಬುದು ಬಂದು ನಿಂತಿತ್ತು. ಅಕ್ಕ ನನ್ನನ್ನು ನೋಡಲಿಲ್ಲ, ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ.

“ಅಲ್ಲ. ಹಿಂದೆ ನಮ್ಮನೇಲಿ ಬಾಡಿಗೆಗಿದ್ರು. ಈಗ ಶಿವಮೊಗ್ಗದಲ್ಲಿ ಆಫೀಸರು.”

ಆಕೆ ತಲೆಯಾಡಿಸಿ ಮೊಬೈಲಿನಲ್ಲಿ ಏನೋ ಒತ್ತಿಕೊಂಡು ಪಕ್ಕದ ಮನೆಗೆ ಹೋದಳು. ಅಕ್ಕ ನನ್ನ ಮುಂದಿನ ಲೋಟ ಎತ್ತಿಕೊಂಡು, “ನೀವೇನೋ ಹೇಳ್ಬೇಕು ಅಂತಿದ್ರಿ” ಅಂದಳು.

ಏನಿಲ್ಲ ಅಂದೆ.